ಕುರಿ ಹೋದಲ್ಲಿಗೆ ಸಾಫ್ಟ್‌ವೇರ್

2014ನೆಯ ಇಸವಿ. ತೆಲಂಗಾಣ ಪ್ರತ್ಯೇಕ ರಾಜ್ಯವಾಗಿ ಕೆಲವೇ ತಿಂಗಳು ಕಳೆದಿದ್ದವು. ನಾನು ಆಗ ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕರಾರುಗಳ ವಕೀಲನಾಗಿದ್ದೆ. ಕಂಪನಿಗಳ ಲೈಸೆನ್ಸ್ ಕರಾರುಗಳನ್ನು ಓದಿ, ಅವುಗಳಲ್ಲಿ ಹುದುಗಿಸಿಟ್ಟ ಮುಳ್ಳುಗಳನ್ನು ಕೀಳುವುದು ನನ್ನ ಕೆಲಸ. ನಾರಾಯಣಪೇಟೆಯಲ್ಲಿ ಹುಟ್ಟಿದವನು, ಕನ್ನಡ ಬಲ್ಲವನು ಎಂಬ ಕಾರಣಕ್ಕೆ ಗದ್ವಾಲದ ಒಂದು ಕುರಿ ಸಾಕಣೆದಾರರ ಸಹಕಾರ ಸಂಘ ನನ್ನನ್ನು ಕರೆಸಿಕೊಂಡಿತು. ಬ್ಯಾಂಕುಗಳ ಕರಾರನ್ನೇ ಅರೆದು ಕುಡಿದವನಿಗೆ ಕುರಿಗಳ ಕರಾರು ಯಾವ ಲೆಕ್ಕ ಎಂದು ಬೀಗುತ್ತಲೇ ಹೋದೆ.

ಸಂಘದ ಸದಸ್ಯರೆಲ್ಲ ಮಕ್ತಲ್‌ನಿಂದ ರಾಜೋಳಿಯವರೆಗಿನ ಕುರುಬರು. ಪ್ರತಿ ಕುರಿಯ ಕಿವಿಗೂ ನಂಬರಿನ ಬಿಲ್ಲೆ. ಕುರಿ ಸತ್ತರೆ ಸತ್ತ ಜಾಗದಿಂದಲೇ ಮೊಬೈಲಿನಲ್ಲಿ ಆ ನಂಬರು ಒತ್ತಿ ಫೋಟೋ ಕಳಿಸಬೇಕು, ಆಗ ವಿಮೆ. ಇದಕ್ಕಾಗಿ ಸಂಘ ಕಂಪನಿಯೊಂದರಿಂದ ಒಂದು ಸಾಫ್ಟ್‌ವೇರ್ ಕೊಳ್ಳಲಿತ್ತು. ತೊಡಕಿದ್ದದ್ದು 'ಟೆರಿಟರಿ' ಎಂಬ ಕಲಮಿನಲ್ಲಿ. ಯಾವ ಗಡಿಯೊಳಗೆ ಸಾಫ್ಟ್‌ವೇರನ್ನು ಬಳಸಬಹುದು ಎಂದು ಹೇಳುವ ಕಲಮು ಅದು. ಕಂಪನಿಯ ಡ್ರಾಫ್ಟಿನಲ್ಲಿ 'ತೆಲಂಗಾಣ ರಾಜ್ಯ' ಎಂದಷ್ಟೇ ಇತ್ತು. ಆದರೆ ಮೇವು ಹುಡುಕಿಕೊಂಡು ಮಕ್ತಲ್ ಕಡೆಯ ಹಿಂಡುಗಳು ಕೃಷ್ಣೆ ದಾಟಿ ರಾಯಚೂರು ಸೀಮೆಗೆ ಹೋಗುತ್ತವೆ, ರಾಜೋಳಿಯವು ತುಂಗಭದ್ರೆ ದಾಟಿ ಕರ್ನೂಲಿಗೆ. ಕರ್ನೂಲು ಮೊನ್ನೆಯವರೆಗೆ ನಮ್ಮದೇ ರಾಜ್ಯವಾಗಿತ್ತು, ಈಗ ಬೇರೆ. ಈ ಸುದ್ದಿಯನ್ನು ಕುರಿಗಳಿಗೆ ಯಾರೂ ಮುಟ್ಟಿಸಿರಲಿಲ್ಲ. ಹೊಳೆಯಾಚೆ ಸತ್ತ ಕುರಿಗೆ ವಿಮೆಯಿಲ್ಲ ಎಂದಾದರೆ ಅರ್ಧ ಸಂಘ ಬರಿಗೈಯಾಗುತ್ತಿತ್ತು.

ಸಂಘದ ಅಧ್ಯಕ್ಷೆ ಮಾಳಮ್ಮ ರಾಜೋಳಿ ಕಡೆಯವರು. ಅರವತ್ತು ದಾಟಿದರೂ ದನಿ ಕಂಚು. ಅವರ ಗಂಡ ಹಿಂಡಿನ ಜೊತೆ ಆಗಲೇ ಹೊಳೆಯಾಚೆ ಇದ್ದರು.

"ನಮ್ಮ ಯಜಮಾನ ಆ ದಂಡಿಗೆ ಅದಾನ. ನಿಮ್ಮ ಕಾಗದ ಈ ದಂಡಿಗೇ ನಿಂತರ ನನಗೇನು ಉಪಯೋಗ ಐತ್ರಿ?" ಎಂದರು. ಒಬ್ಬ ವಕೀಲನಿಗೆ ಇದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕಿಲ್ಲ.

ಕಂಪನಿಯ ಪರವಾಗಿ ಹೈದರಾಬಾದಿನಿಂದ ಬಂದಿದ್ದವನು ಶ್ರೀಧರ್ ಎಂಬ ಸೇಲ್ಸ್ ಮ್ಯಾನೇಜರ್. ಇಸ್ತ್ರಿ ಮುರಿಯದ ಅಂಗಿ, ಮುರಿಯದ ನಗು. ಮಾಳಮ್ಮ ಹೊಳೆಯಾಚೆಯ ಮಾತೆತ್ತಿದ್ದೇ ತಡ, "ಅಮ್ಮಾ, ಗೊರ್ರೆ ಎಕ್ಕಡಿಕಿ ಪೋತೇ ಅಕ್ಕಡಿಕಿ ಮಾ ಸಾಫ್ಟ್‌ವೇರ್ ವಸ್ತದಿ" ಎಂದುಬಿಟ್ಟ.

"ಕುರಿ ಎಲ್ಲಿ ಹೋದರ ಅಲ್ಲಿ ಬರ್ತೈತಿ ಅಂದಾನ. ಎಲ್ಲಾರೂ ಕೇಳಿದ್ರಿಲ್ಲ?" ಎಂದು ಮಾಳಮ್ಮ ಸೊಂಟದ ಸಂಚಿ ಬಿಚ್ಚಿ, ಮೈಲಾರಪ್ಪನ ಭಂಡಾರವನ್ನು ಅವನ ಅಂಗೈಗೆ ಸುರಿದರು. ಭಂಡಾರವೆಂದರೆ ದೇವರ ಅರಿಶಿನದ ಪುಡಿ. ಅದನ್ನು ಹಿಡಿದು ಆಡಿದ ಮಾತಿಗೆ ತಪ್ಪುವಂತಿಲ್ಲ. ಕುರುಬರಲ್ಲಿ ಹಿಂಡಿಗೆ ಹಿಂಡೇ ಕೈಬದಲಾಗುವುದು ಈ ಪುಡಿಯ ಮೇಲೆ. ಶ್ರೀಧರ್ ಅದನ್ನು ಪ್ರಸಾದವೆಂದು ತಿಳಿದು, ಹೇಳಿದ್ದನ್ನೇ ಇನ್ನೊಮ್ಮೆ ಹೇಳಿ, ಭಕ್ತಿಯಿಂದ ಹಣೆಗೆ ಹಚ್ಚಿಕೊಂಡ.

ಕಬ್ಬಿಣ ಕಾದಿರುವಾಗಲೇ ಬಡಿಯಬೇಕೆಂದು ನಾನು ಲ್ಯಾಪ್‌ಟಾಪ್ ತೆರೆದೆ. ಯಾಕೆಂದರೆ ಕರಾರಿನ ಕೊನೆಯಲ್ಲಿ 'ಎಂಟೈರ್ ಅಗ್ರಿಮೆಂಟ್' ಎಂಬ ಕಲಮು ಕೂತಿತ್ತು. ಕಾಗದದ ಮೇಲೆ ಇಲ್ಲದ ಯಾವ ಮಾತಿಗೂ ಬೆಲೆಯಿಲ್ಲ ಎಂಬುದು ಅದರ ಅರ್ಥ.

"ಅವರು ಅಂದದ್ದನ್ನ ಬರಸಬೇಕ್ರಿ ಅಮ್ಮ," ಎಂದೆ.

"ಬ್ಯಾಡ್ರಿ."

"ಯಾಕ್ರಿ?"

"ಭಂಡಾರ ಹಿಡದು ಆಡಿದ ಮಾತಿಗೆ ಮತ್ತ ಕಾಗದ ಕೇಳಿದ್ರ, ಮೈಲಾರಪ್ಪನ ಮ್ಯಾಲ ಭರೋಸ ಇಲ್ಲ ಅಂದಂಗ ಆತಲ್ರಿ. ಕಾಗದದಾಗ ಏನರ ಇರವಲ್ದ್ಯಾಕ, ನಾಳೆ ಹೆಬ್ಬಟ್ಟು ಒತ್ತತೀನಿ."

ಸುತ್ತ ಕೂತಿದ್ದ ಸಂಘದ ಕಮಿಟಿಯವರೆಲ್ಲ ಹೌದೆಂದು ತಲೆಯಾಡಿಸಿದರು. ನನ್ನ ಇಡೀ ವೃತ್ತಿಯಲ್ಲಿ ಎದುರಾಳಿಯ ವಕೀಲರೊಂದಿಗೆ ಗುದ್ದಾಡಿದ್ದೇನೆ, ಆದರೆ ನನ್ನ ಕಕ್ಷಿದಾರರೇ ನನ್ನಿಂದ ರಕ್ಷಣೆ ಬೇಡವೆಂದದ್ದು ಅದೇ ಮೊದಲು. ಸಿಟ್ಟು ನೆತ್ತಿಗೇರಿತು. ಶ್ರೀಧರ್ ನನ್ನತ್ತ ನೋಡಿ ನಕ್ಕ. ಅದು ಇನ್ನೂ ಕೆಟ್ಟದಾಗಿತ್ತು.

ಆ ಸಂಜೆ ಅವನು ಗದ್ವಾಲದ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಬಜ್ಜಿಯ ರುಚಿಗೆ ಮರುಳಾಗಿ ಒಂದು ತಟ್ಟೆ ಹೆಚ್ಚಿಗೆ ತಿಂದ. ಲಾಡ್ಜಿನ ಮಾಲೀಕ ಅವನ ಹಣೆಯ ಅರಿಶಿನ ನೋಡಿ, ಭಂಡಾರ ಹಿಡಿದು ಮಾತು ತಪ್ಪಿದವರ ಹೊಟ್ಟೆಯ ಗತಿಯನ್ನು ಸವಿಸ್ತಾರವಾಗಿ ವರ್ಣಿಸಿದನಂತೆ. ಬೆಳಿಗ್ಗೆ ನಾನು ಚಹಾ ಕುಡಿಯುವಷ್ಟರಲ್ಲಿ ಶ್ರೀಧರ್ ಹೊಟ್ಟೆ ಹಿಡಿದುಕೊಂಡು ನನ್ನ ಬಾಗಿಲಲ್ಲಿ ನಿಂತಿದ್ದ.

"ಸರ್, ದಯವಿಟ್ಟು ಆ ಮಾತನ್ನು ಬರೆದುಬಿಡಿ. ನಾನು ಹೇಳಿದ್ದಕ್ಕೆ ಮಿತಿಯೇ ಇಲ್ಲ. ಆ ಕುರಿಯನ್ನು ಯಾರೋ ಮುಂಬೈಗೆ ಮಾರಿದರೆ? ದುಬೈಗೆ ಹಡಗು ಹತ್ತಿಸಿದರೆ?"

"ಬರವಣಿಗೆಯಲ್ಲಿ ಇಲ್ಲದ ಮಾತಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ, ನಿಶ್ಚಿಂತೆಯಿಂದಿರಿ," ಎಂದೆ. "ಮೈಲಾರಪ್ಪನ ಜ್ಯೂರಿಸ್‌ಡಿಕ್ಷನ್ ಬಗ್ಗೆ ಮಾತ್ರ ನಾನು ಓದಿಲ್ಲ."

ಹೀಗೆ ಹೇಳುವಾಗ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಬರೆದ ಕರಾರಿನಲ್ಲಿ ಹೊಣೆಗೆ ಎಲ್ಲೆ ಹಾಕುವ ಕಲಮುಗಳು ಇರುತ್ತವೆ. ಭಂಡಾರಕ್ಕೆ ಅಂಥ ಕಲಮು ಇಲ್ಲ. ಮಾತನ್ನು ಕಾಗದಕ್ಕೆ ಇಳಿಸಿ ಎಂದು ಮಾರುವವನೇ ಅಂಗಲಾಚುವುದನ್ನು ನಾನು ನೋಡಿರಲಿಲ್ಲ.

ಸಂಘದ ಕಚೇರಿಯಲ್ಲಿ ಮಾಳಮ್ಮ ಅವನ ಅಹವಾಲನ್ನು ಪೂರ್ತಿ ಕೇಳಿಸಿಕೊಂಡರು. "ಮಾತು ಕೊಟ್ಟಾವ ಬಿಡಾಕ ಬರಂಗಿಲ್ಲ. ತಗೊಂಡಾಕಿ ನಾನು ಬಿಡಬಹುದು. ಎಷ್ಟು ಬಿಡಬೇಕು ಹೇಳಪ್ಪ."

ತೆಲಂಗಾಣದ ಜೊತೆಗೆ ಕರ್ನೂಲು, ರಾಯಚೂರು ಜಿಲ್ಲೆಗಳನ್ನು ಕೊಡುವುದಾಗಿ ಶ್ರೀಧರ್ ಹೇಳಿದ.

"ಕುರಿಗೆ ಜಿಲ್ಲಾ ಗೊತ್ತಾಗಂಗಿಲ್ಲಪ್ಪ. ಮೂರೂ ರಾಜ್ಯ ಪೂರಾ ಬರಿ. ಮುಂಬೈ, ದುಬೈ ಬಿಟ್ಟೀನಿ, ಹೋಗು."

ಅವನು ಹೊರಗೆ ಹೋಗಿ ಹೆಡ್ ಆಫೀಸಿಗೆ ಫೋನು ಹಚ್ಚಿದ. ಮೊದಲು ವಿನಯ, ಆಮೇಲೆ ವಾದ. ಕೊನೆಗೆ, "ಹಾಗಾದರೆ ನೀವೇ ಬಂದು ಈ ಅರಿಶಿನ ಹಿಡಿಯಿರಿ ಸಾರ್," ಎಂದು ತೆಲುಗಿನಲ್ಲಿ ಕೂಗಿದ್ದು ಒಳಗಿನವರಿಗೆಲ್ಲ ಕೇಳಿಸಿತು. ಅತ್ತ ಕಡೆಯವರು ಒಪ್ಪಿದರು.

ಕಲಮನ್ನು ನಾನೇ ಟೈಪ್ ಮಾಡಿ, ಗೆದ್ದ ಹುಮ್ಮಸ್ಸಿನಲ್ಲಿ ಕನ್ನಡದಲ್ಲಿ ಓದಿ ಹೇಳಿದೆ. ಮಾಳಮ್ಮ ಹೆಬ್ಬಟ್ಟಿಗೆ ಮಸಿ ಹಚ್ಚಿಕೊಂಡವರು ಹಾಗೆಯೇ ತಡೆದರು.

"ಅಷ್ಟೇನ್ರಿ? ನಿನ್ನಿ ಅವನ ಬಾಯಾಗ ಜಗತ್ತೆಲ್ಲಾ ನಮ್ಮದಿತ್ತು. ನೀವು ಬರದು ಮೂರು ರಾಜ್ಯಕ್ಕ ತಂದು ನಿಲ್ಲಿಸಿದ್ರಿ."

ಅಷ್ಟು ಹೇಳಿ ಹೆಬ್ಬಟ್ಟು ಒತ್ತಿದರು.

ಮುಂದೆ ಕರ್ನೂಲಿನ ಹೊಲವೊಂದರಲ್ಲಿ ಅವರ ಕುರಿಯೊಂದು ಸತ್ತಿತು. ಗಂಡ ನಿಂತಲ್ಲಿಂದಲೇ ಫೋಟೋ ಕಳಿಸಿದರು, ವಿಮೆ ತಕರಾರಿಲ್ಲದೆ ಪಾಸಾಯಿತು. ಮಾಳಮ್ಮ ಫೋನು ಮಾಡಿ ಸುದ್ದಿ ತಿಳಿಸಿದಾಗ ನನ್ನ ಕಣ್ಣು ತುಂಬಿ ಬಂತು. ಕೋಟಿಗಳ ಕರಾರು ಮುಗಿಸಿದಾಗಲೂ ಹಾಗಾದದ್ದಿಲ್ಲ.

ಬರೆದಾಗ ಮಾತು ಗಟ್ಟಿಯಾಗುತ್ತದೆ ಎಂದಷ್ಟೇ ನಾನು ಓದಿ ಬಂದಿದ್ದೆ. ಗಟ್ಟಿಯಾಗುವಾಗ ಅದು ಕುಗ್ಗುತ್ತದೆ ಎಂಬುದನ್ನು ಗದ್ವಾಲ ಕಲಿಸಿತು. ಅಂದಿನಿಂದ ಯಾವ ಕರಾರಾದರೂ ಸರಿ, ಕೊಡುವವರ ಬಾಯಿಂದ ಮೊದಲು ಮಾತು ಆಡಿಸುತ್ತೇನೆ, ಆಮೇಲೆ ಬರೆಯುತ್ತೇನೆ. ಎರಡರ ನಡುವೆ ಎಷ್ಟು ಸೋರಿತು ಎಂದು ಕಕ್ಷಿದಾರರಿಗೆ ತಿಳಿಸುವುದೇ ನಮ್ಮ ವೃತ್ತಿಯ ಅರ್ಧ ಕೆಲಸ. ಉಳಿದವರು ನನ್ನನ್ನು ಕುರುಬರಿಗೆ ಮೂರು ರಾಜ್ಯ ಗೆದ್ದುಕೊಟ್ಟ ವಕೀಲನೆನ್ನುತ್ತಾರೆ. ಮಾಳಮ್ಮನ ಪ್ರಕಾರ ಮಾತ್ರ ನಾನು ಇವತ್ತಿಗೂ ಜಗತ್ತನ್ನು ಕಳೆದ ವಕೀಲ.