ಅವತ್ತಿನ ಬೋಣಿ ನನ್ನದೇ

"ಒಳಗೆ ಬಾ ತಂಗಿ, ಇವತ್ತಿನ ಬೋಣಿ ನಿನ್ನದೇ ಆಗ್ಲಿ!"

ಕಡಬ ಪೇಟೆಯಲ್ಲಿ ಬೆಳಿಗ್ಗೆ ಆಗಷ್ಟೇ ಬಟ್ಟೆಯಂಗಡಿಯ ಬಾಗಿಲು ತೆರೆದ ಬ್ಯಾರಿ ಕಾಕ ಕರೆದಾಗ ನಾನು ಹಿಂದೆ ತಿರುಗಿ ನೋಡಿದೆ. ಬೇರೆ ಯಾರೂ ಇರಲಿಲ್ಲ.

ಅರುವತ್ತರ ದಶಕವದು. ಪೋಲಿಯೋದಿಂದ ನನ್ನ ಒಂದು ಕಾಲು ಸಣ್ಣದಾಗಿತ್ತು. ಬೆಳಿಗ್ಗೆ ಕುಂಟಿಯನ್ನು ಕಂಡರೆ ವ್ಯಾಪಾರ ಕೆಡುತ್ತದೆಂದು ಅಂಗಡಿಯವರು ಮುಖ ತಿರುಗಿಸುತ್ತಿದ್ದರು. ನೊಂದು ಮನೆಯಿಂದ ಹೊರಡುವುದನ್ನೇ ಬಿಟ್ಟಿದ್ದೆ. ಅಂದು ಅಕ್ಕನ ಮಗುವಿಗೆ ಅಂಗಿಬಟ್ಟೆ ತರಲು ಬೇರೆ ಯಾರೂ ಇರಲಿಲ್ಲ. ಇನ್ನೊಬ್ಬರು ಮೊದಲು ಕೊಳ್ಳಲೆಂದು ರಸ್ತೆ ಬದಿಯಲ್ಲಿ ಕಾಯುತ್ತಿದ್ದೆ.

"ಬೆಳಿಗ್ಗೆ ನನ್ನನ್ನು ಕಂಡ್ರೆ ಆಗುದಿಲ್ಲಂತೆ ಕಾಕ," ಎಂದೆ.

"ಅದೆಂತ ಮಾತು ಮಾರಾಯ್ತಿ! ನಿನಗೆ ಯಾವ ಬಣ್ಣ ಬೇಕು, ಅದು ಹೇಳು," ಎಂದು ನಗುತ್ತಾ ಬಟ್ಟೆಗಳನ್ನು ರಾಶಿ ಹಾಕಿದರು.

ಹಳದಿ ಹೂವಿನ ಬಟ್ಟೆ ಕೊಂಡು ನಡುಪೇಟೆಯಲ್ಲೇ ನಡೆದು ಮನೆಗೆ ಬಂದೆ. ಮರುವಾರ ಏನೂ ಬೇಕಿಲ್ಲದಿದ್ದರೂ ಪೇಟೆಗೆ ಹೋದೆ.