ಅಳಿದ ನಾಯಿಯ ಹೆಸರಿನಲ್ಲಿ

ಬಾಪ್ಪು ಅವರ ಮುಂಗೈಗಳಲ್ಲಿ ಕೂದಲು ಬೆಳೆಯುತ್ತಿದ್ದದ್ದು ಅಲ್ಲಲ್ಲಿ ಮಾತ್ರ. ಉಳಿದ ಕಡೆಯೆಲ್ಲ ಹಳೆಯ ಕಡಿತದ ಗುರುತುಗಳು, ನುಣುಪಾಗಿ, ಬೆಳ್ಳಗೆ. ಕೇಳಿದರೆ ಒಂದೊಂದನ್ನೇ ತೋರಿಸಿ ಪರಿಚಯ ಮಾಡಿಕೊಡುತ್ತಿದ್ದರು. "ಇದು ಅಬುಧಾಬಿಯ ಅಲ್ಸೇಶಿಯನ್. ಇದು ಡಾಬರ್‌ಮನ್, ಪಾಪದ್ದು, ಹೆದರಿ ಕಚ್ಚಿದ್ದು. ಇದು ನಾಯಿ ಅಲ್ಲ, ಬೆಕ್ಕು." ಗಲ್ಫಿನಲ್ಲಿ ವಾರದ ರಜೆ ಶುಕ್ರವಾರ; ಆ ದಿನ ಚರ್ಚಿಗೆ ಹೋಗುವಾಗ ಮಾತ್ರ ತುಂಬು ತೋಳಿನ ಅಂಗಿ. ದೇವರಿಗೆ ಗೊತ್ತಿರುವುದನ್ನು ಯಾಕೆ ಮುಚ್ಚುತ್ತೀರಿ ಎಂದು ನಾನು ಕೆಣಕಿದರೆ, ಮುಚ್ಚುವುದು ದೇವರಿಗಲ್ಲ, ಹಿಂದಿನ ಬೆಂಚಿನ ಹೆಂಗಸರಿಗೆ ಎನ್ನುತ್ತಿದ್ದರು.

ಕಾರ್ಕಳದ ಕಡೆಯ ಕ್ಯಾಥೊಲಿಕರು ಅವರು. ಬಾಪ್ಪು ಎಂದರೆ ಅವರ ಕೊಂಕಣಿಯಲ್ಲಿ ಚಿಕ್ಕಪ್ಪ. ಕ್ಲಿನಿಕ್ಕಿನಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು, ಮೈಸೂರಿನ ನಾನೂ ಕರೆದೆ. ರಾಸ್ ಅಲ್ ಖೋರ್‌ನ ಗ್ಯಾರೇಜುಗಳ ಸಾಲಿನ ಕೊನೆಗೆ ನಮ್ಮ ಪ್ರಾಣಿಗಳ ಕ್ಲಿನಿಕ್ಕು, ಅದರ ಹಿಂದೆ ನಾಯಿಗಳನ್ನು ಇಟ್ಟುಕೊಳ್ಳುವ ಕೆನೆಲ್ಲು. ಮಾಲೀಕರು ರಜೆಗೆ ಹೋದಾಗ ನಾಯಿಗಳು ನಮ್ಮಲ್ಲಿ ರಜೆ ಕಳೆಯುತ್ತಿದ್ದವು. ಕೆನೆಲ್ಲು ಬಾಪ್ಪು ಅವರದು, ಮುಂದಿನ ಕೌಂಟರು ನನ್ನದು. ನಾಯಿಗಳೆಂದರೆ ಹೆದರುವ ನಾನು ಅಲ್ಲಿ ಯಾಕೆ ಸೇರಿದೆ ಎಂದರೆ, ಬೇರೆ ಕಡೆ ಸಿಗಲಿಲ್ಲ, ಅಷ್ಟೆ.

ಮೊದಲ ವಾರವೇ ಒಂದು ದೊಡ್ಡ ನಾಯಿ ಮಾಲೀಕನ ಕೈ ತಪ್ಪಿಸಿಕೊಂಡು ಕೌಂಟರಿನ ಮೇಲೆ ಎರಡೂ ಕಾಲು ಹಾಕಿತು. ನಾನು ಫೈಲುಗಳ ಕಪಾಟಿಗೆ ಅಂಟಿಕೊಂಡು ನಿಂತೆ. ಬಾಪ್ಪು ಅವಸರವಿಲ್ಲದೆ ಬಂದರು. ನಾಯಿಗೆ ಎದುರಾಗಿ ನಿಲ್ಲದೆ ಪಕ್ಕಕ್ಕೆ ತಿರುಗಿ ನಿಂತು, ಬಾಯಿ ತುಂಬ ಆಕಳಿಸಿದರು. ನಾಯಿ ಅವರನ್ನು ನೋಡಿತು, ಕಾಲು ಕೆಳಗಿಳಿಸಿತು.

"ಹೆದರಿದ ನಾಯಿಗೆ ಹೇಳ್ಲಿಕ್ಕೆ ನಮ್ಮತ್ರ ಬೇರೆ ಭಾಷೆ ಇಲ್ಲ ಮಾರಾಯ್ತಿ. ಆಕಳಿಸಿದ್ರೆ ಅದಕ್ಕೆ ಗೊತ್ತಾಗ್ತದೆ, ಇಲ್ಲಿ ಜಗಳ ಇಲ್ಲ ಅಂತ."

ನಾನೂ ಕಲಿತೆ. ಕೌಂಟರಿನಲ್ಲಿ ಕುಳಿತು ದಿನಕ್ಕೆ ನಲವತ್ತು ಸಲ ಆಕಳಿಸುವ ಹುಡುಗಿಯನ್ನು ಕಂಡು ಗಿರಾಕಿಗಳು ಏನೆಂದುಕೊಂಡರೋ. ಬಾಪ್ಪು ಮ್ಯಾನೇಜರರ ಎದುರಿಗೂ ಆಕಳಿಸುತ್ತಿದ್ದರು. ಅದು ಸಮಾಧಾನಕ್ಕೋ ಸಸಾರಕ್ಕೋ ಎಂದು ಮ್ಯಾನೇಜರರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಪಕ್ಕದ ಗ್ಯಾರೇಜಿನಲ್ಲಿ ಕಾರಿನ ತಗಡು ಬಡಿಯಲು ಶುರು ಮಾಡಿದರೆ ಕೆನೆಲ್ಲಿನ ನಾಯಿಗಳೆಲ್ಲ ಒಟ್ಟಿಗೆ ಬೊಗಳುತ್ತಿದ್ದವು. ಹಾಗೆ ಬೊಗಳುತ್ತಿದ್ದ ಒಂದು ದಿನ, ಹೊಸದಾಗಿ ಬಂದ ಬಿಳಿ ನಾಯಿಯೊಂದು ಕಾಲು ಚಾಚಿ ಮಲಗಿಯೇ ಇತ್ತು. ಬಾಪ್ಪು ಅದರ ಹಿಂದೆ ಸ್ಟೀಲಿನ ತಟ್ಟೆಯನ್ನು ಎತ್ತಿ ಹಾಕಿದರು. ಅದು ಕಿವಿ ಕೂಡ ಅಲುಗಿಸಲಿಲ್ಲ. ಡೋಗೊ ಎಂಬ ಅರ್ಜೆಂಟೀನಾದ ತಳಿ ಅದು, ಹೆಸರು ರಾಜಾ. ಅಂದಿನಿಂದ ವರ್ಷಕ್ಕೆ ನಾಲ್ಕು ಸಲ ಅದನ್ನು ನಮ್ಮಲ್ಲಿ ಬಿಟ್ಟು ಹೋಗುತ್ತಿದ್ದ ಮಾಲೀಕರು ನಮ್ಮ ಕರಾವಳಿಯವರೇ, ಕಟ್ಟಡದ ಸಾಮಾನಿನ ವ್ಯಾಪಾರ. ಅಲ್ಲಿಯ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಮೊದಲ ಸಾಲಿನ ಕುರ್ಚಿ ಅವರದು. ಹೇಳಿದ ಮಾತು ಕೇಳುವುದಿಲ್ಲ, ಸೊಕ್ಕಿನ ನಾಯಿ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಅದಕ್ಕೆ ಕಿವಿಯೇ ಕೇಳುವುದಿಲ್ಲ ಎಂದು ಅವರಿಗೆ ತಿಳಿದಿರಲಿಲ್ಲ.

ಬಾಪ್ಪು ಅದಕ್ಕೆ ಕೈಸನ್ನೆ ಕಲಿಸಿದರು. ಹತ್ತಿರ ಹೋಗುವ ಮೊದಲು ನೆಲವನ್ನು ಎರಡು ಸಲ ಕಾಲಿನಿಂದ ತಟ್ಟುತ್ತಿದ್ದರು; ಆ ಕಂಪನಕ್ಕೆ ಅದು ತಿರುಗಿ ನೋಡಿ ಬಾಲ ಆಡಿಸುತ್ತಿತ್ತು.

ಕೊರ್ಡೊಬಾದ ಕಥೆಯನ್ನು ಅವರು ಹೇಳಿದ್ದು ಆಗಲೇ, ನಾಲ್ಕು ಗಂಟೆಯ ಚಾ ಕುಡಿಯುತ್ತ. ಅಬುಧಾಬಿಯಲ್ಲಿ ಕಾವಲು ನಾಯಿಗಳನ್ನು ನೋಡಿಕೊಳ್ಳುತ್ತಿದ್ದಾಗ ಅಲ್ಲಿಯ ವಿದೇಶಿ ತರಬೇತುದಾರನಿಂದ ಕೇಳಿದ್ದಂತೆ. ಅರ್ಜೆಂಟೀನಾದ ಕೊರ್ಡೊಬಾ ಊರಿನವರು ಕಾಳಗಕ್ಕೆಂದೇ ಒಂದು ನಾಯಿಯನ್ನು ಬೆಳೆಸಿದರು. ಮ್ಯಾಸ್ಟಿಫ್, ಬುಲ್‌ಡಾಗ್, ಬುಲ್ ಟೆರಿಯರ್ ರಕ್ತಗಳನ್ನು ಬೆರೆಸಿ, ಹುಟ್ಟಿದ್ದರಲ್ಲಿ ಅತಿ ಸಿಟ್ಟಿನದನ್ನೇ ಆಯ್ದು ಆಯ್ದು ಮರಿ ಹಾಕಿಸಿದರು. ನೋವು ಅದಕ್ಕೆ ಲೆಕ್ಕಕ್ಕೇ ಇರಲಿಲ್ಲ. ಕಾಳಗಕ್ಕೆ ಬಿಟ್ಟರೆ ಸಾಯುವವರೆಗೆ ಹಿಂದೆ ಸರಿಯುತ್ತಿರಲಿಲ್ಲ. ಹಂದಿ ಬೇಟೆಗೆ ಗುಂಪಾಗಿ ಬಿಟ್ಟರೆ ಹಂದಿಯನ್ನು ಬಿಟ್ಟು ಪಕ್ಕದ ನಾಯಿಯ ಕುತ್ತಿಗೆಗೆ ಹಾರುತ್ತಿತ್ತು. ಗಂಡು ಹೆಣ್ಣನ್ನು ಒಂದೆಡೆ ಬಿಟ್ಟರೆ ಅವು ಕೂಡುವ ಬದಲು ಕಚ್ಚಾಡುತ್ತಿದ್ದವು. ಕಾಳಗದಲ್ಲಿ ಸತ್ತವು ಸತ್ತವು, ಮರಿ ಹಾಕಲು ಸಾಕಷ್ಟು ಉಳಿಯಲಿಲ್ಲ, ತಳಿಯೇ ನಿಂತುಹೋಯಿತು. ಅದಕ್ಕೆ ಮೊದಲು ಅದೇ ಊರಿನ ವೈದ್ಯನೊಬ್ಬ ಅದರ ರಕ್ತಕ್ಕೆ ಬೇರೆ ನಾಯಿಗಳ ರಕ್ತ ಸೇರಿಸಿ, ಜೊತೆಗೂಡಿ ಬೇಟೆಯಾಡಬಲ್ಲ ಬಿಳಿ ನಾಯಿಯನ್ನು ಮಾಡಿದ. ಅದೇ ಡೋಗೊ.

"ನಾಯಿದ್ದು ತಪ್ಪಲ್ಲ" ಎಂದರು ಬಾಪ್ಪು. "ನಮ್ಮಲ್ಲಿ ಕೋಳಿ ಅಂಕ ಇಲ್ವಾ, ಕಾಲಿಗೆ ಕತ್ತಿ ಕಟ್ಟಿ ಕೋಳಿಗಳನ್ನು ಕಾಳಗಕ್ಕೆ ಬಿಡುದು, ಹಾಗೆ. ಕೋಳಿಗೆ ಎಂತ ಸಿಗ್ತದೆ ಅದ್ರಲ್ಲಿ? ಸುತ್ತ ಕೂತವರಿಗೆ ಬೇಕಾದ್ದು ಸಿಗ್ತದೆ. ಸಿಟ್ಟನ್ನೇ ಸಾಕಿದ್ರು. ಕಡೆಗೆ ನಾಯಿ ಉಳೀಲಿಲ್ಲ."

ಈ ಕಥೆಯನ್ನು ನಾನು ರಾಜಾನ ಮಾಲೀಕರಿಗೆ ಹೇಳಿದೆ. ಬಿಲ್ಲು ಬರುವವರೆಗೆ ಗಿರಾಕಿಯನ್ನು ಮಾತಾಡಿಸಬೇಕಲ್ಲ. ಅವರು ಆಸಕ್ತಿಯಿಂದ ಕೇಳಿದರು. ನನ್ನ ಬಾಯಿಗೆ ಬೀಗವಿದ್ದಿದ್ದರೆ ಈ ಬರಹವೇ ಬೇಕಿರಲಿಲ್ಲ.

ಕೆಲವು ತಿಂಗಳಲ್ಲಿ ಅಪಾಯಕಾರಿ ಪ್ರಾಣಿಗಳ ಕಾನೂನು ಬಂತು. ಮನೆಯಲ್ಲಿ ಸಾಕಬಾರದ ತಳಿಗಳ ಪಟ್ಟಿಯಲ್ಲಿ ಡೋಗೊ ಇತ್ತು. ಈಗಾಗಲೇ ಇಟ್ಟುಕೊಂಡವರು ತಾವಾಗಿ ತಿಳಿಸಲು ಒಂದಿಷ್ಟು ಕಾಲಾವಕಾಶ. ಬಾಪ್ಪು ಅಷ್ಟರಲ್ಲಿ ಹಳೆಯ ತರಬೇತುದಾರನಿಗೆ ಪತ್ರ ಬರೆದು, ಕಿವುಡು ನಾಯಿಗಳನ್ನು ಇಟ್ಟುಕೊಳ್ಳುವ ಯಾರೋ ಹೆಂಗಸನ್ನು ಅವನ ಊರಿನಲ್ಲಿ ಹುಡುಕಿಸಿದ್ದರು. ಆಕೆ ಒಪ್ಪಿದ್ದಳು. "ಇದ್ದದ್ದು ಇದ್ದ ಹಾಗೆ ಬರೆದು ಕೊಟ್ರೆ ಕಳಿಸ್ಲಿಕ್ಕೆ ಸಮಯ ಸಿಗ್ತದೆ. ಸುಳ್ಳು ಬರೆದು ಸಿಕ್ಕಿಬಿದ್ರೆ ಖಲಾಸ್" ಎಂದು ಮಾಲೀಕರಿಗೆ ನನ್ನೆದುರೇ ಹೇಳಿದರು.

ಮಾಲೀಕರಿಗೆ ನಾಯಿಯನ್ನು ಕಳಿಸುವ ಮನಸ್ಸಿರಲಿಲ್ಲ. ವಿಲ್ಲಾಕ್ಕೆ ಬಂದವರಿಗೆ ತೋರಿಸಲು ಆಮೇಲೆ ಏನಿರುತ್ತದೆ? ಅವರು ಮ್ಯಾನೇಜರರ ಕೋಣೆಯಲ್ಲಿ ಅರ್ಧ ಗಂಟೆ ಕುಳಿತರು. ಅವರು ಹೋದ ಮೇಲೆ ಮ್ಯಾನೇಜರರು ನನ್ನನ್ನು ಕರೆದರು.

"ರಾಜಾಗೆ ಹೊಸ ಕಾಗದ ಮಾಡು. ತಳಿ ಅನ್ನೋ ಕಡೆ ಕೊರ್ಡೊಬಾ ಅಂತ ಹಾಕು. ಪಟ್ಟಿಯಲ್ಲಿ ಆ ಹೆಸರು ಇಲ್ಲ."

ಇಲ್ಲದಿರುವುದು ಯಾಕೆಂದರೆ ಆ ನಾಯಿಯೇ ಇಲ್ಲ ಸರ್ ಎಂದೆ. ಹೆಸರು ನನ್ನ ಮೂಲಕವೇ ಅವರಿಗೆ ತಲುಪಿತ್ತು ಎನ್ನುವುದು ಆಗ ನೆನಪಾಯಿತು. ಅವರು ನಕ್ಕರು. "ಅದೆಲ್ಲ ಯಾರು ನೋಡ್ತಾರೆ? ತಳಿ ಗುರುತಿಸಿದವರು ಅನ್ನೋ ಕಡೆ ಬಾಪ್ಪು ಹೆಸರು ಹಾಕು. ಅವರಿಗೆ ಅನುಭವ ಇದೆ."

"ಅವರನ್ನ ಒಂದು ಮಾತು ಕೇಳಿ ಹಾಕ್ತೀನಿ ಸರ್."

"ಬೇಡ."

ನನ್ನ ವೀಸಾ ನವೀಕರಣದ ಫೈಲು ಅವರ ಮೇಜಿನ ಮೇಲೆ ಇತ್ತು. ಅದನ್ನು ಬೆರಳಿನಿಂದ ಒಂದಿಷ್ಟು ಪಕ್ಕಕ್ಕೆ ಸರಿಸಿದರು, ಅಷ್ಟೆ. ನಾನು ಕೌಂಟರಿಗೆ ಬಂದು ಟೈಪ್ ಮಾಡಿದೆ. ಡಾಕ್ಟರು ರಜೆಗೆ ಹೋಗುವಾಗ ಸಹಿ ಹಾಕಿಟ್ಟ ಫಾರಂಗಳಿದ್ದವು, ಮೊಹರು ನನ್ನ ಡ್ರಾಯರಿನಲ್ಲೇ ಇತ್ತು. ಹತ್ತು ನಿಮಿಷದ ಕೆಲಸ. ಹಿಂದೆ ಕೆನೆಲ್ಲಿನಲ್ಲಿ ಬಾಪ್ಪು ಬಟ್ಟಲು ತೊಳೆಯುವ ಸದ್ದು ಕೇಳುತ್ತಿತ್ತು. ಎದ್ದು ಹೋಗಿ ಹೇಳಬಹುದಿತ್ತು. ಹೋಗಲಿಲ್ಲ. ಹೆದರಿದ್ದೆ ಎನ್ನುವುದು ನಿಜ, ಆದರೆ ಹೆದರಿದವರೆಲ್ಲ ಹೀಗೆ ಮಾಡುವುದಿಲ್ಲ.

ಕಾಲಾವಕಾಶ ಮುಗಿದ ಮೇಲೆ ಸರ್ಕಾರದ ಕಡೆಯಿಂದ ತಪಾಸಣೆಗೆ ಬಂದವರು ಅಬಾಯಾ ಎಂಬ ಕಪ್ಪು ನಿಲುವಂಗಿ ತೊಟ್ಟ ತರುಣ ಪಶುವೈದ್ಯೆ. ಒಂದೊಂದೇ ಕಾಗದವನ್ನು ತಾಳ್ಮೆಯಿಂದ ಓದಿದರು. ರಾಜಾ ಆ ವಾರ ನಮ್ಮಲ್ಲೇ ಇತ್ತು. ಅದರ ಕಾಗದ ಕೈಗೆ ಬಂದಾಗ ಎರಡು ಸಲ ಓದಿ, ಮೆದುವಾದ ದನಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿದರು: "ಈ ತಳಿ ಈಗ ಭೂಮಿಯ ಮೇಲೆ ಇಲ್ಲ. ಇದನ್ನು ಗುರುತಿಸಿದವರು ಯಾರು?"

ಕ್ಲಿನಿಕ್ಕಿನ ಕಾಗದವನ್ನು ನಂಬಿದ್ದೆ ಎಂದು ಮಾಲೀಕರು ಫೋನಿನಲ್ಲಿ ಹೇಳಿದರು. ಕೆನೆಲ್ಲಿನವರ ಮಾತನ್ನು ನಂಬಿದ್ದೆವು ಎಂದು ಮ್ಯಾನೇಜರರು ಹೇಳಿದರು. ಬಾಪ್ಪು ಅವರನ್ನು ಕರೆಸಲಾಯಿತು. ಒದ್ದೆ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು ಬಂದು ಕಾಗದ ತೆಗೆದುಕೊಂಡರು. ತಳಿಯ ಹೆಸರು ಓದಿದರು, ಕೆಳಗೆ ತಮ್ಮ ಹೆಸರು ಓದಿದರು. ಆಮೇಲೆ ನನ್ನನ್ನು ನೋಡಿದರು. ಕೊರ್ಡೊಬಾದ ಕಥೆಯನ್ನು ಅವರು ಆ ಕ್ಲಿನಿಕ್ಕಿನಲ್ಲಿ ಹೇಳಿದ್ದು ನನಗೊಬ್ಬಳಿಗೇ.

ನಾನು ಫೈಲುಗಳ ಕಪಾಟಿಗೆ ಅಂಟಿಕೊಂಡು ನಿಂತಿದ್ದೆ. ಅವರು ನನಗೆ ಎದುರಾಗಿದ್ದವರು ಪಕ್ಕಕ್ಕೆ ತಿರುಗಿ, ನಿಧಾನವಾಗಿ, ಬಾಯಿ ತುಂಬ ಆಕಳಿಸಿದರು. ಆಮೇಲೆ ಆ ವೈದ್ಯೆಯ ಕಡೆ ತಿರುಗಿದರು.

"ಯೆಸ್ ಮೇಡಂ. ನಾನೇ."

ಒಂದು ಮಾತು ಮಾತ್ರ ಸೇರಿಸಿದರು: ನಾಯಿಗೆ ಕಿವಿ ಕೇಳುವುದಿಲ್ಲ, ಹಿಂದಿನಿಂದ ಮುಟ್ಟಬೇಡಿ, ನೆಲ ತಟ್ಟಿ ಹತ್ತಿರ ಹೋಗಿ. ಆಕೆ ಅದನ್ನು ಬರೆದುಕೊಂಡರು. ನಾಯಿಯನ್ನು ವಶಕ್ಕೆ ತೆಗೆದುಕೊಂಡ ತಪಾಸಣೆಯವರ ವ್ಯಾನಿನವರೆಗೆ ಬಾಪ್ಪು ಅವರೇ ರಾಜಾನನ್ನು ನಡೆಸಿಕೊಂಡು ಹೋದರು. ವಿದೇಶದ ಆ ಹೆಂಗಸಿನ ಮನೆಗೆ ಅದು ಹೋಗುವ ದಾರಿ ಅಲ್ಲಿಗೆ ಮುಚ್ಚಿತು. ಆಮೇಲೆ ಅದರ ಗತಿ ಏನಾಯಿತು ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು.

ಬಾಪ್ಪು ಅವರ ವೀಸಾ ಕ್ಯಾನ್ಸಲ್ ಆಯಿತು. ಎರಡು ದಶಕಕ್ಕೂ ಹೆಚ್ಚಿನ ಚಾಕರಿ, ಸುಳ್ಳು ಕಾಗದ ಮಾಡಿದವನೆಂಬ ಹೆಸರಿನಲ್ಲಿ ಮುಗಿಯಿತು. ಕೊನೆಯ ದಿನ ಮಧ್ಯಾಹ್ನ ಅವರು ನಾಯಿಗಳ ಬೆಲ್ಟುಗಳಿಗೆ ಎಣ್ಣೆ ಹಚ್ಚಿ ಮೊಳೆಗೆ ನೇತುಹಾಕುತ್ತಿದ್ದರು. ನಾನು ಹೋಗಿ ನಿಂತೆ. ನನಗಾಗಿ ಯಾಕೆ ಹಾಗೆ ಹೇಳಿದಿರಿ ಎಂದು ಕೇಳುವಾಗ ಅಳು ಬಂತು.

"ನಿನಗಾಗಿ ಅಂತ ಯಾರು ಹೇಳಿದ್ದು?" ಅವರು ನನ್ನ ಮುಖ ನೋಡಲಿಲ್ಲ. "ನಾನಲ್ಲ, ಇವಳು ಅಂತ ನಾನು ಹೇಳ್ತಿದ್ದೆ. ನಾನಲ್ಲ, ಇವರು ಅಂತ ನೀನು ಹೇಳ್ತಿದ್ದಿ. ಮ್ಯಾನೇಜರು, ರಾಜಾನ ಧಣಿ, ಇಬ್ರೂ ಕುರ್ಚಿಯಲ್ಲಿ ಕೂತು ನೋಡ್ತಿದ್ರು. ಆ ಅಂಕ ನನಗೆ ಬೇಡ ಅನ್ನಿಸ್ತು. ಅಷ್ಟೇ."

ಇನ್ನೊಂದು ಬೆಲ್ಟನ್ನು ಮೊಳೆಗೆ ನೇತುಹಾಕಿದರು. ನನ್ನ ವೀಸಾ ಅದೇ ವಾರ ನವೀಕರಣವಾಯಿತು. ನಾಚಿಕೆಯಿಲ್ಲದೆ ಇನ್ನೂ ಒಂದು ವರ್ಷ ಅದೇ ಕೌಂಟರಿನಲ್ಲಿ ಕುಳಿತೆ. ಆಮೇಲೆ ಅದೇ ದೇಶದ ಅಲ್ ಐನ್ ಊರಿನಲ್ಲಿ ಕೆಲಸ ಸಿಕ್ಕಿತು.

ಆ ವರ್ಷ ರಜೆಯಲ್ಲಿ ಅವರನ್ನು ಕಾಣಲೆಂದು ಮೈಸೂರಿನಿಂದ ಹೊರಟು ಕಾರ್ಕಳದ ಬಸ್ ಸ್ಟ್ಯಾಂಡಿನವರೆಗೆ ಹೋದೆ. ಅಲ್ಲಿಂದ ಫೋನು ಮಾಡಿದೆ. ದನಿ ಬಳಲಿತ್ತು. ಊಟ ಆಯಿತಾ ಎಂದು ವಿಚಾರಿಸಿದರು. ಮನೆಗೆ ಬರುತ್ತೇನೆ ಎಂದೆ.

"ಬರುದು ಬೇಡ. ನನಗೆ ಸಿಟ್ಟಿಲ್ಲ. ಆದ್ರೆ ನಿನ್ನನ್ನು ಕಂಡ್ರೆ ಬಂದೀತು."

ಮುಂದಿನ ಬಸ್ಸಿಗೆ ವಾಪಸು ಹತ್ತಿದೆ. ಎರಡು ವರ್ಷಕ್ಕೆ ಅವರು ತೀರಿಕೊಂಡ ಸುದ್ದಿ ಹಳೆಯ ಸಹೋದ್ಯೋಗಿಯೊಬ್ಬರ ವಾಟ್ಸಾಪ್‌ನಲ್ಲಿ ಬಂತು. ಫೋಟೋದಲ್ಲಿ ತುಂಬು ತೋಳಿನ ಅಂಗಿ ತೊಡಿಸಿದ್ದರು.

ಇಂದಿಗೂ ಬೆದರಿದ ನಾಯಿ ಎದುರಿಗೆ ಬಂದರೆ ನಾನು ಪಕ್ಕಕ್ಕೆ ತಿರುಗಿ ಆಕಳಿಸುತ್ತೇನೆ, ಅದು ಸುಮ್ಮನಾಗುತ್ತದೆ. ರಾಜಾನ ಆ ಕಾಗದದ ಒಂದು ಪ್ರತಿ ನನ್ನ ಪೆಟ್ಟಿಗೆಯಲ್ಲಿದೆ. ತಳಿ ಗುರುತಿಸಿದವರು ಎಂಬ ಕಡೆ ಬಾಪ್ಪು ಅವರ ಹೆಸರು, ಒಂದಕ್ಷರವೂ ತಪ್ಪಿಲ್ಲದೆ. ಟೈಪ್ ಮಾಡಿದವರ ಹೆಸರಿಗೆ ಆ ಫಾರಂನಲ್ಲಿ ಜಾಗ ಇರಲಿಲ್ಲ.