ಪುಟ ಕಟ್ಟುವ ತಂತ್ರಾಂಶವೂ ಹದಿನಾರನೆಯ ಪುಟವೂ

ಕುಕ್ಕರ್ ತರಲೆಂದು ಹೋಗಿ ಸೌಟು ತಂದವಳು ನಾನು. ಅಂಗಡಿಯಲ್ಲಿ ಒಂದು ಕುಕ್ಕರಿಗೆ ಮುಚ್ಚಳ ಒಳಗೆ ಕೂರುತ್ತಿತ್ತು, ಇನ್ನೊಂದಕ್ಕೆ ಹೊರಗೆ. ಯಾವುದು ಒಳ್ಳೆಯದೆಂದು ಯೋಚಿಸುತ್ತ ನಿಂತಿದ್ದಾಗ ಬಸ್ಸಿನ ಹೊತ್ತಾಯಿತು. ಬರಿಗೈಯಲ್ಲಿ ಹೋಗಬಾರದಲ್ಲ ಎಂದು ಸೌಟು ಹಿಡಿದುಕೊಂಡು ಬಸ್ಸು ಹತ್ತಿದೆ. ಒಳ್ಳೆಯ ಸೌಟು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಇಂಥವಳ ತಲೆಗೆ ತಂತ್ರಾಂಶ ಆರಿಸುವ ಕೆಲಸ ಕಟ್ಟಿದವರ ಬುದ್ಧಿಯ ಬಗ್ಗೆ ನನಗೆ ಇಂದಿಗೂ ಸಂಶಯವಿದೆ.

ಕಟ್ಟಿದವರು ನಮ್ಮ ಕುಟುಂಬದವರು. ಕೊಡಗಿನಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ, ಎರಡು ಮಕ್ಕಳಲ್ಲ. ಒಂದೇ ಮನೆತನದ ಹೆಸರು ಹೊತ್ತ ಎಲ್ಲ ಮನೆಗಳೂ ಸೇರಿದ್ದು. ಎಲ್ಲಕ್ಕೂ ಮೂಲ ಒಂದು ಐನ್‌ಮನೆ. ವರ್ಷಕ್ಕೊಮ್ಮೆ ಅಲ್ಲಿ ಸೇರಿ, ಹಿರಿಯರಿಗೆ ಎಡೆ ಇಟ್ಟು, ಉಂಡು, ಸ್ವಲ್ಪ ಜಗಳವಾಡಿ ಬರುತ್ತೇವೆ. ಹೋದ ಸಲ ಸೇರಿದಾಗ ಕುಟುಂಬದ್ದೊಂದು ಪುಸ್ತಕ ತರಬೇಕೆಂದು ತೀರ್ಮಾನವಾಯಿತು. ಮನೆಗೊಂದು ಪುಟ, ಪುಟಕ್ಕೊಂದು ಫೋಟೋ, ಕೆಳಗೆ ಹೆಸರು ಮತ್ತು ನಾಲ್ಕು ಮಾತು. ಪೇಟೆಯ ಡಿಟಿಪಿ ಅಂಗಡಿಯವರು ಹೇಳಿದ ರೇಟು ಕೇಳಿ ಸಭೆ ಇನ್ನೊಂದು ಸುತ್ತು ಕಾಫಿ ಕುಡಿಯಿತು. ಆಮೇಲೆ ದೊಡ್ಡ ಮಾವ ನನ್ನ ಕಡೆ ನೋಡಿದರು. ಅವರು ನನ್ನ ಗಂಡನ ದೊಡ್ಡಪ್ಪ, ಕುಟುಂಬಕ್ಕೆಲ್ಲ ಹಿರಿಯರು. ಹಸು ಯಾವಾಗ ಕರು ಹಾಕಿತು, ಕಾಳುಮೆಣಸು ಎಷ್ಟು ದಿನ ಒಣಗಿತು ಎಂದು ನಾನು ದಿನಾ ಬರೆದಿಡುವುದು ಅವರಿಗೆ ಗೊತ್ತು. ಬರೆಯುವವಳು ಪುಸ್ತಕವನ್ನೂ ಕಟ್ಟಬಲ್ಲಳು ಎಂಬುದು ಅವರ ತರ್ಕ. ಕಾಯಿ ತುರಿಯುವವಳು ತೆಂಗಿನ ಮರವನ್ನೂ ಹತ್ತಬಲ್ಲಳು ಎಂದ ಹಾಗೆ.

ನಮ್ಮಲ್ಲಿ ಸಿಗ್ನಲ್ ಸಿಗುವುದು ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ. ಅಲ್ಲಿ ನಿಂತು 'ಹೊಸಬರಿಗೆ ಅಗ್ಗದ ತಂತ್ರಾಂಶ ಯಾವುದು' ಎಂದು ಫೋನನ್ನು ಕೇಳಿದೆ. ಕೇಳಬಾರದಿತ್ತು. ಮೊದಲು ಬಂದದ್ದು ಎಲ್ಲರೂ ಹೊಗಳುವ ದೊಡ್ಡ ತಂತ್ರಾಂಶ; ಅದು ಮಾರಾಟಕ್ಕಿಲ್ಲ, ತಿಂಗಳ ಬಾಡಿಗೆಗಂತೆ. ಮದುವೆಗೆ ನಾವೂ ಹಂಡೆ ಬಾಡಿಗೆಗೆ ತರುತ್ತೇವೆ, ಸರಿ. ಆದರೆ ಹಂಡೆ ಹಿಂದೆ ಕೊಟ್ಟರೂ ಪಾಯಸ ನಮ್ಮದೇ ಅಲ್ಲವೇ? ಇಲ್ಲಿ ಬಾಡಿಗೆ ನಿಲ್ಲಿಸಿದರೆ ಹಂಡೆಯ ಜೊತೆ ಪಾಯಸಕ್ಕೂ ಮುಚ್ಚಳ ಬೀಳುತ್ತದೆ. ಮಾಡಿಟ್ಟ ಪುಟವನ್ನು ತೆರೆಯಲೂ ಮತ್ತೆ ಬಾಡಿಗೆ ಕಟ್ಟಬೇಕು.

ಎರಡನೆಯದು ಫೋನಿನಲ್ಲೇ ಪುಟ ಮಾಡುವ ಪುಕ್ಕಟೆ ಆ್ಯಪು. ಎಲ್ಲ ಸಿದ್ಧ ಮಾಡಿಟ್ಟಿದ್ದಾರೆ, ಫೋಟೋ ಹಾಕಿದರೆ ಸಾಕು. ದೊಡ್ಡ ಮಾವನದೇ ಹಾಕಿ ನೋಡಿದೆ. ನಮ್ಮ ಗಂಡಸರ ನಿಲುವಂಗಿಯಾದ ಕುಪ್ಪಸ ತೊಟ್ಟು, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿ, ಹುಲಿ ಹೊಡೆದವರಂತೆ ನಿಂತ ಅವರ ಸುತ್ತ ಗುಲಾಬಿ ಬಣ್ಣದ ಬಲೂನುಗಳು ಹಾರಾಡಿದವು. ಬಲೂನು ತೆಗೆದರೆ ಹೃದಯದ ಚಿತ್ರ ಬಂತು. ಕುಟುಂಬದಲ್ಲಿ ನನ್ನ ಬಾಳುವೆ ಇನ್ನೂ ಸಾಕಷ್ಟಿದೆ ಎಂದು ನೆನಪಾಗಿ ಅಳಿಸಿಬಿಟ್ಟೆ.

ಅಷ್ಟರಲ್ಲಿ ಪರಿಚಯದವರೊಬ್ಬರು ಆ ಬಾಡಿಗೆಯ ತಂತ್ರಾಂಶದ್ದೇ ಕದ್ದ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತಂದರು. ಎಲ್ಲರೂ ಬಳಸುವುದು ಇದನ್ನೇ, ಹೆದರಬೇಡಿ ಎಂದರು. ನಮ್ಮ ಬೇಲಿಯಾಚೆಯಿಂದ ಯಾರಾದರೂ ಒಂದು ಕಿತ್ತಳೆ ಕಿತ್ತರೆ ಊರಿಗೆಲ್ಲ ಕೇಳುವಂತೆ ಕೂಗುವವಳು ನಾನು. ಬೇಡವೆಂದೆ. ಅದರಲ್ಲಿ ವೈರಸ್ ಇತ್ತೆಂದು ಆಮೇಲೆ ತಿಳಿಯಿತು. ಆದರೆ ತಿಳಿಯುವ ಮೊದಲೇ ಬೇಡವೆಂದಿದ್ದೆ, ಆ ಪುಣ್ಯ ನನ್ನ ಲೆಕ್ಕಕ್ಕೇ ಇರಲಿ.

ಮತ್ತೊಂದಿತ್ತು. ಒಮ್ಮೆ ದುಡ್ಡು ಕೊಟ್ಟರೆ ಕೊನೆಯವರೆಗೆ ನಿಮ್ಮದು. ಇದೇ ಸರಿ ಎಂದು ಪರೀಕ್ಷೆಗೆ ಮನೆಯ ಕಂಪ್ಯೂಟರಿಗೆ ಇಳಿಸಿಕೊಂಡು 'ದೊಡ್ಡ ಮಾವ' ಎಂದು ಬರೆದೆ. ಒತ್ತಕ್ಷರ ಕೆಳಗಿನಿಂದ ಎದ್ದು ಬಂದು ಪಕ್ಕದಲ್ಲಿ ನಿಂತಿತು. ಕನ್ನಡ ಅವಿಭಕ್ತ ಕುಟುಂಬದ ಲಿಪಿ. ಒಬ್ಬರ ಹೆಗಲ ಮೇಲೆ ಇನ್ನೊಬ್ಬರು, ಒಬ್ಬರ ಕಾಲ ಬಳಿ ಮತ್ತೊಬ್ಬರು, ಇಕ್ಕಟ್ಟಾದರೂ ಒಂದೇ ಸೂರು. ಪಕ್ಕಪಕ್ಕದಲ್ಲಿ ಬೇರೆ ಬೇರೆ ಮನೆ ಮಾಡಿಕೊಂಡಿರುವ ಇಂಗ್ಲಿಷ್ ಅಕ್ಷರಗಳಿಗೆಂದು ಹುಟ್ಟಿದ ತಂತ್ರಾಂಶಕ್ಕೆ ನಮ್ಮ ಸಂಸಾರ ಎಲ್ಲಿ ಅರ್ಥವಾಗಬೇಕು? ಹಿಂದೆ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದವರು ಒತ್ತಿಗೆಂದೇ ಬೇರೆ ಖಾನೆ ಇಡುತ್ತಿದ್ದರಂತೆ. ಕಂಪ್ಯೂಟರಿಗೆ ಆ ಸೌಜನ್ಯ ಎಲ್ಲ ಕಡೆಯೂ ಬಂದಿಲ್ಲ. ನನ್ನಂತೆ ಹೊಸದಾಗಿ ಇಳಿಯುವವರಿಗೆ ನನ್ನದೊಂದೇ ಬುದ್ಧಿಮಾತು: ದುಡ್ಡು ಕೊಡುವ ಮೊದಲು ಒತ್ತಕ್ಷರವಿರುವ ಒಂದು ಹೆಸರು ಬರೆದು ನೋಡಿ. ಅನ್ನ ಬೆಂದಿದೆಯೇ ಎಂದು ಅಗುಳು ಹಿಚುಕಿದಂತೆ.

"ಎಂತ, ಇನ್ನೂ ಮುಚ್ಚಳ ಒಳಗೋ ಹೊರಗೋ?" ಎಂದು ನಮ್ಮ ಮನೆಯವರು ಕಣದಲ್ಲಿ ಕಾಫಿ ಹರಡುತ್ತ ಕೇಳಿದ ದಿನ ನನಗೆ ರೋಷ ಬಂತು. ಅಂದೇ ತೀರ್ಮಾನಿಸಿದೆ. ಯಾರು ಯಾರೋ ಎಲ್ಲೆಲ್ಲೋ ಕೂತು ಎಲ್ಲರಿಗೂ ಆಗಲೆಂದು ಮಾಡಿಟ್ಟ ಪುಕ್ಕಟೆ ತಂತ್ರಾಂಶ ಒಂದಿತ್ತು. ಸಂಘದ ಪಾತ್ರೆಯ ಹಾಗೆ: ಬಾಡಿಗೆಯಿಲ್ಲ, ಆದರೆ ತಿಕ್ಕಿ ತೊಳೆಯುವ ಕೆಲಸ ನಮ್ಮದೇ. ಮುಖ ಗಂಟಿಕ್ಕಿಕೊಂಡಿರುತ್ತದೆ, ಏನೆಲ್ಲಿದೆ ಎಂದು ತಾನಾಗಿ ಹೇಳುವುದಿಲ್ಲ. ಆದರೆ ಒತ್ತಕ್ಷರ ಕೆಳಗೇ ನಿಂತಿತು. ಇನ್ನೇನು ಬೇಕು? ಪುಟದ ಮೇಲೆ ಡಬ್ಬಿ ಎಳೆಯುವುದು, ಡಬ್ಬಿಯೊಳಗೆ ಅಕ್ಷರ ತುಂಬುವುದು, ಹೆಚ್ಚಾದರೆ ಇನ್ನೊಂದು ಡಬ್ಬಿ. ಉಪ್ಪಿನಕಾಯಿ ಹಾಕಿ ಅಭ್ಯಾಸವಿದ್ದವರಿಗೆ ಇದು ಕಷ್ಟವಲ್ಲ. ಐನ್‌ಮನೆಯ ಜಗಲಿಯಲ್ಲಿ ಊಟಕ್ಕೆ ಕೂರುವ ಕ್ರಮದಲ್ಲೇ, ಹಿರಿಯರಿಂದ ಕಿರಿಯರವರೆಗೆ, ಹದಿನೈದು ಮನೆಗೆ ಹದಿನೈದು ಪುಟ ಕಟ್ಟಿಬಿಟ್ಟೆ. ಹೊದಿಕೆ ಬೇರೆ.

ಅದನ್ನು ಹಿಡಿದು ಸಿದ್ದಾಪುರದ ಪ್ರೆಸ್ಸಿಗೆ ಹೋದರೆ, ಅಲ್ಲಿ ಅಚ್ಚು ಹಾಕುವ ಮೊಯ್ದು ಎಂಬವರು ಕಂಪ್ಯೂಟರಿನಲ್ಲಿ ನೋಡಿ, ಹದಿನೈದು ಪುಟ ಎಂಬುದೇ ಇಲ್ಲ ಅಕ್ಕಾ ಎಂದರು. ಮಡಿಚಿ ಪಿನ್ನು ಹೊಡೆಯುವ ಪುಸ್ತಕಕ್ಕೆ ಒಂದು ಹಾಳೆಯೆಂದರೆ ನಾಲ್ಕು ಪುಟ. ಒಂದೋ ಹನ್ನೆರಡು, ಇಲ್ಲವೇ ಹದಿನಾರು. ಯಾವ ತಂತ್ರಾಂಶ ತಂದರೂ ಈ ಲೆಕ್ಕ ತಪ್ಪದು.

ಹಾಗೆ ಒಂದು ಪುಟ ಉಳಿಯಿತು. ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ ಅದಕ್ಕೆ ದೊಡ್ಡ ಪೈಪೋಟಿ ನಡೆಯಿತು. ಗಣಪತಿ ಹಾಕಿ ಎಂದರು, ಗೊಬ್ಬರದ ಅಂಗಡಿಯ ಜಾಹೀರಾತು ಹಾಕಿ ಎಂದರು, ಖಾಲಿ ಬಿಡಿ, ಮೆಣಸಿನ ಲೆಕ್ಕ ಬರೆಯಬಹುದು ಎಂದು ನಮ್ಮ ಮನೆಯವರೂ ಅಂದರು. ನನಗೆ ಮಾತ್ರ ಕಂಡದ್ದು ದೇವಕಿ ಅತ್ತಿಗೆ.

ದೇವಕಿ ಅತ್ತಿಗೆ ನನ್ನ ಗಂಡನ ಅಕ್ಕ. ಮದುವೆಯಾಗಿ ಹೋದ ಮನೆಯಲ್ಲಿ ಬಾಳುವೆ ಕೂಡಿಬರಲಿಲ್ಲ. ಎಷ್ಟೋ ವರ್ಷದಿಂದ ಸಿದ್ದಾಪುರದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು ಬಟ್ಟೆ ಹೊಲಿಯುತ್ತಾರೆ. ಹೆಣ್ಣು ಮದುವೆಯಾದರೆ ಮನೆತನದ ಹೆಸರು ಬದಲಾಗುತ್ತದೆ, ಅವಳು ಆ ಕುಟುಂಬದ ಲೆಕ್ಕ. ಆ ಕುಟುಂಬದವರು ಅವರನ್ನು ಎಂದೋ ಲೆಕ್ಕದಿಂದ ಬಿಟ್ಟಿದ್ದಾರೆ. ಐನ್‌ಮನೆಯ ಊಟಕ್ಕೆ ಒಲೆ ಹಚ್ಚುವುದರಿಂದ ಎಂಜಲೆಲೆ ಎತ್ತುವವರೆಗೆ ಪ್ರತಿ ವರ್ಷ ಅವರು ಬೇಕು. ಪುಸ್ತಕದಲ್ಲಿ ಮಾತ್ರ ಅವರಿಗೆ ಜಾಗ ಎಲ್ಲಿಯೂ ಇರಲಿಲ್ಲ. ಮತ್ತೆ ಸಿದ್ದಾಪುರಕ್ಕೆ ಬಸ್ಸು ಹತ್ತಿ ಅವರ ಕೋಣೆಗೆ ಹೋಗಿ ಫೋಟೋ ಕೇಳಿದೆ. ಬೇಡ ಮಾರಾಯ್ತಿ, ಕೊಟ್ಟ ಹೆಣ್ಣಿನ ಹೆಸರು ಅಲ್ಲಿ ಎಂತಕೆ ಎಂದು ಮೆಷಿನ್ ತುಳಿಯುತ್ತಲೇ ಇದ್ದರು. ನಾನು ಬಸ್ಸಿಳಿದು ಕಣದ ಮೂಲೆ ಮುಟ್ಟುವಷ್ಟರಲ್ಲಿ ಫೋನಿಗೆ ಫೋಟೋ ಬಂದಿತ್ತು. ಒಂದಲ್ಲ, ನಾಲ್ಕು. ಯಾವುದಾದರೂ ಹಾಕು ಎಂಬ ಔದಾರ್ಯ ಬೇರೆ.

ಪ್ರೆಸ್ಸಿನವರು ಪರೀಕ್ಷೆಗೆ ತೆಗೆದುಕೊಟ್ಟ ಹಾಳೆಗಳನ್ನು ದೊಡ್ಡ ಮಾವನಿಗೆ ತೋರಿಸಲೇಬೇಕಿತ್ತು. ಅವರು ಕನ್ನಡಕ ಹಾಕಿ ಮೊದಲ ಹಾಳೆ ಹರಡಿದರು. ಬಲಗಡೆ ಮೊದಲ ಪುಟದಲ್ಲಿ ಅವರು. ಎಡಗಡೆ, ಅವರ ಭುಜಕ್ಕೆ ಭುಜ ತಾಗುವಂತೆ, ಹದಿನಾರನೆಯ ಪುಟದ ದೇವಕಿ ಅತ್ತಿಗೆ. ಅಚ್ಚಿನ ಹಾಳೆಯಲ್ಲಿ ಪುಟಗಳು ಹಾಗೇ ಬರುವುದು, ಮಡಿಚಿದರೆ ಸರಿಯಾಗುತ್ತದೆ. ಆದರೆ ಮಾವ ಹಾಳೆಯನ್ನು ಓದಿದ್ದು ಜಗಲಿಯ ಪಂಕ್ತಿಯಂತೆ.

"ದೇವಕಿ ಜಾಗ ನನ್ನ ಹತ್ರ ಹೆಂಗೆ ಬಾತ್?" ಎಂದರು, ಹೇಗೆ ಬಂತೆಂದು ನಮ್ಮ ಅರೆಭಾಷೆಯಲ್ಲಿ. ಮೊದಲನೆಯದಾಗಿ ಕೊಟ್ಟ ಹೆಣ್ಣಿಗೆ ಪುಟವೇ ಕ್ರಮವಲ್ಲ. ಎರಡನೆಯದಾಗಿ ಪಂಕ್ತಿ ತಪ್ಪಿದೆ. ಪೆನ್ಸಿಲ್ ತೆಗೆದು ದೇವಕಿಗೆ ಕಾಟು ಹಾಕಿ, ಎಡಗಡೆ ತಾವು, ಬಲಗಡೆ ಬೆನ್ನಿಗೆ ಹುಟ್ಟಿದ ತಮ್ಮ, ಆಮೇಲೆ ಉಳಿದವರು ಎಂದು ಕ್ರಮವಾಗಿ ಅಂಕೆ ಬರೆದುಕೊಟ್ಟರು.

ನಾನು ಹೇಳಿದ್ದನ್ನು ಮಾಡುವ ಸೊಸೆ. ಮಾವ ಬರೆದ ಹಾಗೇ ಪುಟ ಬದಲಿಸಿ, ಮನೆಯ ಪ್ರಿಂಟರಿನಲ್ಲಿ ತೆಗೆದು, ಮಡಿಚಿ, ಪಿನ್ನು ಹೊಡೆದೆ. ಮೊದಲಿನ ಕ್ರಮದ್ದೂ ಒಂದು ಪ್ರತಿ ಮಾಡಿಕೊಂಡೆ. ಮರುದಿನ ಎರಡನ್ನೂ ಅವರ ಮೇಜಿನ ಮೇಲಿಟ್ಟೆ. ಮಾವ ತಮ್ಮ ಕ್ರಮದ ಪುಸ್ತಕ ತೆರೆದರು. ಮೊದಲ ಪುಟದಲ್ಲಿ ಅವರ ತಮ್ಮ ನಗುತ್ತಿದ್ದರು. ಆ ತಮ್ಮನ ಜೊತೆ ಬೇಲಿಯ ವಿಚಾರದಲ್ಲಿ ಮಾತು ನಿಂತು ಎಷ್ಟೋ ಕಾಲವಾಗಿದೆ. ಮಾವ ತಮ್ಮದೇ ಫೋಟೋ ಹುಡುಕುತ್ತ ಹೋದರು. ಸಿಕ್ಕಿದ್ದು ಕಟ್ಟಕಡೆಯ ಪುಟದಲ್ಲಿ. ಹಾಳೆಯ ಎಡಗಡೆ ಕೂತವರು ಮಡಿಚಿದಾಗ ಹಿಂದಕ್ಕೆ ಹೋಗುತ್ತಾರೆ, ಕಾಗದಕ್ಕೆ ವಯಸ್ಸು ತಿಳಿಯದು.

ಅದನ್ನು ಮುಚ್ಚಿಟ್ಟು ಇನ್ನೊಂದು ಪ್ರತಿ ತೆಗೆದರು. ಮೊದಲಲ್ಲಿ ತಾವು, ಕೊನೆಯಲ್ಲಿ ದೇವಕಿ. ಕ್ರಮ ಸರಿಯಾಯಿತು. ಆದರೆ ಹಠ ಇನ್ನೂ ಒಂದು ಉಳಿದಿತ್ತು. ಕೊನೆಯ ಪುಟವನ್ನು ಮಡಿಕೆಯ ಗುಂಟ ಉಗುರಿನಿಂದ ಗೀರಿ ನಿಧಾನವಾಗಿ ಹರಿದರು. ದೇವಕಿ ಅತ್ತಿಗೆ ಕೈಗೆ ಬಂದರು. ಹಿಂದೆಯೇ ಮೊದಲ ಪುಟವೂ ಪಿನ್ನಿನಿಂದ ಕಳಚಿ, ದೊಡ್ಡ ಮಾವ ಪೀಚೆಕತ್ತಿ ಸಮೇತ ಮೇಜಿನ ಕೆಳಗೆ ಬಿದ್ದರು.

ನಾನೇ ಬಗ್ಗಿ ಎತ್ತಿಕೊಟ್ಟೆ. ಎರಡೂ ಒಂದೇ ಹಾಳೆ ಮಾವ, ಒಬ್ಬರನ್ನು ತೆಗೆದರೆ ಇನ್ನೊಬ್ಬರು ನಿಲ್ಲುವುದಿಲ್ಲ ಎಂದೆ. ಹೇಳುವಾಗ ನಗು ಬಾರದಂತೆ ಬಹಳ ಪ್ರಯತ್ನ ಪಟ್ಟೆ. ಮಾವ ಎರಡು ತುಂಡುಗಳನ್ನೂ ಹಿಡಿದು ಮಡಿಕೆಯ ಜಾಗದಲ್ಲಿ ಸೇರಿಸಿ ನೋಡಿದರು, ಬಿಟ್ಟು ನೋಡಿದರು, ಮತ್ತೆ ಸೇರಿಸಿದರು. ಚಿಕ್ಕಂದಿನಲ್ಲಿ ದೇವಕಿ ತಮ್ಮ ಹೆಗಲ ಮೇಲೆ ಕೂತು ಸಂತೆಗೆ ಬರುತ್ತಿದ್ದಳೆಂದು, ಯಾರೂ ಕೇಳದಿದ್ದರೂ ಹೇಳಿದರು. ಆಮೇಲೆ ಕನ್ನಡಕ ತೆಗೆದಿಟ್ಟರು.

"ಪಿನ್ನ್ ಗಟ್ಟಿ ಹೊಡಿಯಕೆ ಹೇಳ್."

ಈ ವರ್ಷ ಐನ್‌ಮನೆಯಲ್ಲಿ ಪುಸ್ತಕ ಹಂಚಿದೆವು. ಜಗಲಿಯಲ್ಲಿ ಕೂತವರೆಲ್ಲ ಮೊದಲು ತಮ್ಮ ಪುಟ ಹುಡುಕಿದರು, ಕೂಡಲೇ ನನ್ನನ್ನು ಹುಡುಕಿದರು. ಒಬ್ಬರ ಹೆಸರು ಸಣ್ಣದಾಯಿತಂತೆ, ಇನ್ನೊಬ್ಬರ ನಾಯಿ ಫೋಟೋದಲ್ಲಿ ಅರ್ಧ ತುಂಡಾಯಿತಂತೆ. ಬೇರೆ ಊರಿನಿಂದ ಬಂದಿದ್ದ ನೆಂಟರು ಮಾತ್ರ ಬಹಳ ಚೆನ್ನಾಗಿದೆ ಎಂದು ಹೊಗಳಿ, ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡರು. ನಾನು ಅಡುಗೆಮನೆಗೆ ಹೋಗಿ ದೇವಕಿ ಅತ್ತಿಗೆಗೆ ಒಂದು ಪ್ರತಿ ಕೊಟ್ಟೆ. ಸೆರಗಿಗೆ ಕೈ ಒರೆಸಿ ಕೊನೆಯ ಪುಟ ತೆರೆದರು. ಒಲೆಯ ಬೆಳಕಿಗೆ ಹಿಡಿದು ನೋಡಿದರು. ಅತ್ತಾರೋ ಏನೋ ಎಂದು ನಾನು ಮೊದಲೇ ಮುಖ ಸಪ್ಪಗೆ ಮಾಡಿಕೊಂಡು ನಿಂತಿದ್ದೆ.

"ನನ್ನ ಮುಖ ಕಪ್ಪಾಗಿ ಬಾತ್, ದೊಡ್ಡಪ್ಪಂದ್ ಮಾತ್ರ ಬೆಳ್ಳಗೆ ಉಟ್ಟು. ಎಂತಕೆ?" ಎಂದರು.

ಹೊಗಳಿ ಹೋಗುವವರು ನೆಂಟರು. ತಪ್ಪು ಹುಡುಕುವವರು ಮನೆಯವರು. ನಾನು ಬಹಳ ಸಂತೋಷದಿಂದ ಬೈಸಿಕೊಂಡೆ.